ಪ್ರಮಾಣಣ್ಣನ ಹಳದಿ ಕಾರ್ಡು

ಮೂರನೇ ನಂಬರ್ ಕೋರ್ಟ್ ಹಾಲಿನಲ್ಲಿ ಸಾಕ್ಷಿಗಳಿಂದ ಪ್ರಮಾಣ ಮಾಡಿಸುವ ಕೆಲಸ ಮೂವತ್ತೊಂದು ವರ್ಷದಿಂದ ಅವನದು. ಹಾಜರಿ ಪುಸ್ತಕದಲ್ಲಿ ಅವನಿಗೂ ಒಂದು ಹೆಸರಿದೆ. ಆದರೆ ದೊಡ್ಡ ವಕೀಲರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವನು ಪ್ರಮಾಣಣ್ಣ. ಮನೆಗೆ ಬರುವ ಮದುವೆ ಕಾಗದದ ಮೇಲೂ ಹಾಗೇ ಬರೆದಿರುತ್ತದೆ, ಇನ್ನೇನು ಬೇಕು!

ಕಟಕಟೆಯ ಪಕ್ಕದಲ್ಲಿ ಅವನದೊಂದು ಪುಟ್ಟ ಮೇಜು. ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಚಿದ ರಟ್ಟು. ಡ್ರಾಯರಿನಲ್ಲಿ ಮೂರು ಬಣ್ಣದ ಬಟ್ಟೆ ಸುತ್ತಿದ ಮೂರು ಧರ್ಮಗ್ರಂಥಗಳು, ಜೊತೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಳದಿ ಕಾರ್ಡು. ದೇವರ ಮೇಲೆ ಆಣೆ ಇಡುವವರಿಗೆ ಗ್ರಂಥ. ದೇವರ ಗೊಡವೆ ಬೇಡ ಅನ್ನುವವರಿಗೆ ಕಾರ್ಡು. 'ನಾನು ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ. ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ' ಎಂದು ಅದರ ಮೇಲೆ ಅಚ್ಚಾಗಿದೆ. ಸಾಕ್ಷಿ ಹತ್ತಿ ನಿಂತ ಕೂಡಲೇ ಪ್ರಮಾಣಣ್ಣ "ದೇವರೋ, ಕಾರ್ಡೋ?" ಎಂದು ಕೇಳುತ್ತಾನೆ. ಆಮೇಲೆ "ನಾನು ಹೇಳಿದ ಹಾಗೆ ಹೇಳಿ" ಎಂದು ಹಿಡಿದರೆ ಮುಗಿಯುವವರೆಗೆ ಉಸಿರು ಬಿಡುವುದಿಲ್ಲ. ಗಿಳಿಪಾಠ ಅಂದರೆ ಗಿಳಿಪಾಠ.

ಆ ಮೇಜಿನ ಮುಂದೆ ಅವನು ನೋಡದ ನಾಟಕವಿಲ್ಲ. ದೇವರೇ ಇಲ್ಲ ಎಂದು ಊರೆಲ್ಲ ಭಾಷಣ ಮಾಡುತ್ತಿದ್ದ ಪ್ರೊಫೆಸರು ಕಾರ್ಡು ಹಿಡಿದು ಓದಿ ಮುಗಿಸಿ, ಮೆಲ್ಲಗೆ ಕೊರಳಿನ ತಾಯಿತ ಮುಟ್ಟಿಕೊಂಡಿದ್ದರು. ಒಬ್ಬ ಪೂಜಾರಿ "ಕಾರ್ಡೇ ಕೊಡಿ. ನೀರಿನ ಪೈಪ್ ಜಗಳಕ್ಕೆಲ್ಲ ದೇವರನ್ನ ಯಾಕೆ ಎಬ್ಬಿಸೋದು?" ಅಂದಿದ್ದ. ಹತ್ತು ಕಟ್ಟಡಗಳ ಯಜಮಾನ ಮತ್ತು ಅವನ ಮನೆಯ ಪಾತ್ರೆ ತೊಳೆಯುವ ಹೆಂಗಸು ಒಂದೇ ದಿನ, ಒಂದೇ ಕಟಕಟೆಯಲ್ಲಿ, ಒಂದೇ ಮಾತು ಹೇಳಿದ್ದರು. ಯಜಮಾನ ತೊದಲಿದ, ಅವಳು ತೊದಲಲಿಲ್ಲ.

ಹಿಂದೆ ಅಲ್ಲಿದ್ದ ಜಡ್ಜ್ ಸಾಹೇಬರಿಗೆ ಓದುವ ಹುಚ್ಚು. ಮಧ್ಯಾಹ್ನ ಟೀ ಒಯ್ದರೆ ಪ್ರಮಾಣಣ್ಣನನ್ನು ನಿಲ್ಲಿಸಿಕೊಂಡು ಪಾಠ ಶುರು. "ಈ ಕಾರ್ಡು ಎಲ್ಲಿಂದ ಬಂತು ಗೊತ್ತೇನಯ್ಯಾ? ಒಂದು ಕಾಲದಲ್ಲಿ ರಾಜನ ದೇವರೇ ಎಲ್ಲರ ದೇವರು. ಅವನ ಮೇಲೆ ಆಣೆ ಇಡಲ್ಲ ಅಂದರೆ ಜೈಲು. ಆಗ ಪಶ್ಚಿಮದ ದೇಶಗಳಲ್ಲಿ ನಾಲ್ಕಾರು ಜನ ಕೂತು ಯೋಚನೆ ಮಾಡಿದರು. ಮನುಷ್ಯನ ಮನಸ್ಸಿನೊಳಗೆ ಇಣುಕೋಕೆ ಸರ್ಕಾರಕ್ಕೇನು ಕೆಲಸ? ದೇವರು ಅವನವನ ಮನೇಲಿರಲಿ, ಕಾನೂನಿನ ಎದುರು ಎಲ್ಲರದೂ ಒಂದೇ ಎತ್ತರ ಇರಲಿ ಅಂತ ಬರೆದರು. ಬರೆದವರನ್ನ ಓಡಿಸಿದರು, ಪುಸ್ತಕ ಸುಟ್ಟರು. ಆದರೂ ಮಾತು ಹಡಗು ಹತ್ತಿ ಊರೂರಿಗೆ ಹೋಯ್ತು. ಕೊನೆಗೆ ನಿನ್ನ ಡ್ರಾಯರಿಗೆ ಬಂತು."

"ಹಾಗಾದ್ರೆ ಕಾರ್ಡು ಹಗುರ ಅಲ್ವಾ ಸಾರ್?" ಎಂದು ಇವನು ಕೇಳಿದ್ದ.

"ಹಗುರ? ಗ್ರಂಥ ಮುಟ್ಟಿ ಸುಳ್ಳು ಹೇಳಿದರೆ ದೇವರು ನೋಡ್ಕೋತಾನೆ ಅನ್ನಬಹುದು. ಕಾರ್ಡು ಹಿಡಿದು ಸುಳ್ಳು ಹೇಳಿದರೆ ನೋಡ್ಕೊಳ್ಳೋಕೆ ನೀನೊಬ್ಬನೇ."

ಅದೇ ದೇಶಗಳ ಒಬ್ಬ ಬ್ರಹ್ಮಚಾರಿ ಮೇಷ್ಟ್ರ ಕತೆಯನ್ನೂ ಸಾಹೇಬರು ಹೇಳಿದ್ದರು. ಸ್ನೇಹಿತನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳು ಹೇಳಕೂಡದು ಎಂದು ಆ ಪುಣ್ಯಾತ್ಮ ಬರೆದಿದ್ದನಂತೆ. ಅದನ್ನು ಇವನು ಮನೆಯಲ್ಲಿ ಹೆಂಡತಿಗೆ ಹೇಳಿದರೆ ಅವಳು ಸೌಟು ಹಿಡಿದುಕೊಂಡೇ ನಕ್ಕಳು. "ಮದುವೆ ಆಗಿದ್ರೆ ಗೊತ್ತಾಗ್ತಿತ್ತು ಅವನಿಗೆ. ಒಂದು ವಾರ ಸುಳ್ಳು ಹೇಳದೆ ಸಂಸಾರ ಮಾಡಿ ತೋರಿಸ್ಲಿ!"

ಈಗ ಅವಳಿಲ್ಲ. ಹದಿನಾಲ್ಕು ತಿಂಗಳಾಯಿತು.

ಪ್ರಮಾಣಣ್ಣ ಅಳಲಿಲ್ಲ. ಹದಿಮೂರನೇ ದಿನ ಕೆಲಸಕ್ಕೆ ಬಂದ. ಹೊತ್ತಿಗೆ ಸರಿಯಾಗಿ ತಿಂದ, ಮಲಗಿದ, ಎದ್ದ. ಸ್ನಾನಕ್ಕೆ ಸುರಿದುಕೊಂಡ ನೀರು ಸುಡುತ್ತಿದೆ ಎಂದು ತಿಳಿಯುತ್ತಿದ್ದದ್ದು ಭುಜ ಕೆಂಪಾದದ್ದನ್ನು ಕಂಡ ಮೇಲೆ. "ಎಂಥ ಗಟ್ಟಿ ಮನುಷ್ಯ" ಎಂದರು ಜನ. ಗಟ್ಟಿಯಂತೆ, ಮಣ್ಣು! ಒಳಗೆ ಏನೂ ಇರಲಿಲ್ಲ, ಅಷ್ಟೆ.

ಆವತ್ತು ಆದದ್ದು ಇಷ್ಟು. ಸಂಜೆ ಇಬ್ಬರೂ ಪೇಟೆಗೆ ಹೊರಟಿದ್ದರು. ಸಿಗ್ನಲ್ ಹತ್ತಿರ ಅವಳು ಕನ್ನಡಕ ತೆಗೆದು "ಸ್ವಲ್ಪ ಒರೆಸಿಕೊಡಿ, ಏನೂ ಕಾಣ್ತಿಲ್ಲ" ಎಂದು ಇವನ ಕೈಗಿಟ್ಟಳು. ಮದುವೆಯಾದಾಗಿನಿಂದ ಕನ್ನಡಕ ಒರೆಸುವುದು ಇವನದೇ ಕೆಲಸ. ಅಂಗಿಯ ಅಂಚಿನಲ್ಲಿ ಇವನು ಒಂದು ಗಾಜು ಒರೆಸಿ ಮುಗಿಸುವಷ್ಟರಲ್ಲಿ ಅವಳು ರಸ್ತೆಗೆ ಇಳಿದಾಗಿತ್ತು. ದಾಟುವವರಿಗೆ ಕೆಂಪು ದೀಪವಿತ್ತು. ಅವಳಿಗೆ ಹೇಗೆ ಕಾಣಬೇಕು? "ಏ ಇವಳೇ, ಕನ್ನಡಕ!" ಎಂದು ಇವನು ಕೂಗಿದ. ಅವಳು ನಡುರಸ್ತೆಯಲ್ಲಿ ನಿಂತು ತಿರುಗಿದಳು. ಬ್ರೆಡ್ ಸಾಗಿಸುವ ವ್ಯಾನು ಬಂತು. ಚಾಲಕ ಬ್ರೇಕು ಒತ್ತಿದ ಸದ್ದು ಬೀದಿಗೆಲ್ಲ ಕೇಳಿತು.

ಆಸ್ಪತ್ರೆಯ ಬೆಂಚಿನ ಮೇಲೆ ಪೊಲೀಸಿನವನು ಕೇಳಿದ: "ಹಸಿರು ಸಿಗ್ನಲ್ ನಿಮ್ಮ ಕಡೆ ಇತ್ತು, ಅಲ್ವಾ? ಅವನೇ ನುಗ್ಗಿಸಿಕೊಂಡು ಬಂದ, ಅಲ್ವಾ?" ಇವನು ತಲೆಯಾಡಿಸಿದ. ಪಕ್ಕದಲ್ಲಿ ಮಗಳು ಕೂತಿದ್ದಳು. ಅಲ್ಲಾಡಿದ ತಲೆ ಹೇಳಿಕೆಯಾಯಿತು, ಹೇಳಿಕೆ ಕೇಸಾಯಿತು. ಸ್ಪಷ್ಟವಾಗಿ ಕಂಡ ಸಾಕ್ಷಿ ಇವನೊಬ್ಬನೇ. ಇವನು ಅದನ್ನೇ ಕೋರ್ಟಿನಲ್ಲೂ ಹೇಳಿದರೆ ಚಾಲಕ ಜೈಲಿಗೆ ಹೋಗುತ್ತಾನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ, ಚಾಲಕನೇ ಅಮ್ಮನನ್ನು ಕೊಂದ ಎಂದು ನಂಬಿರುವ ಮಗಳು ಕೈತಪ್ಪುತ್ತಾಳೆ. ಅತ್ತ ದರಿ, ಇತ್ತ ಪುಲಿ.

ಕೇಸು ಒಂದನೇ ನಂಬರ್ ಹಾಲಿಗೆ ಬಂತು. ಅಲ್ಲಿಯ ವರಾಂಡದಲ್ಲಿ ಚಾಲಕ ಪ್ರತಿ ವಾಯಿದೆಗೂ ಬಂದು ಕೂತಿರುತ್ತಿದ್ದ. ಮೂವತ್ತರ ಆಸುಪಾಸಿನ ತೆಳ್ಳನೆ ಮನುಷ್ಯ. ಪ್ರಮಾಣಣ್ಣ ಕಡತ ಹಿಡಿದು ಆ ದಾರಿಯಲ್ಲಿ ಹೋದರೆ ಅವನು ಅರ್ಧ ಎದ್ದು ನಿಲ್ಲುತ್ತಿದ್ದ. ಕೈ ಮುಗಿಯುತ್ತಿರಲಿಲ್ಲ. ಬರೀ ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಪ್ರಮಾಣಣ್ಣನಿಗೆ ಅದನ್ನು ನೋಡಿಯೂ ಏನೂ ಅನ್ನಿಸುತ್ತಿರಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂಬುದು ಮಾತ್ರ ತಿಳಿಯುತ್ತಿತ್ತು.

ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಮಗಳು ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ, ಆವತ್ತು ರಜೆ ಹಾಕಿದ್ದಳು. "ಅಪ್ಪಾ, ಪೊಲೀಸರಿಗೆ ಹೇಳಿದ್ದನ್ನೇ ಹೇಳು. ಒಂದಕ್ಕೆರಡು ಬೇಡ. ಅಮ್ಮನಿಗಾಗಿ ಅಷ್ಟು ಮಾಡು."

"ಹ್ಞೂಂ" ಅಂದ. ಮೇಜಿನ ಮೇಲಿದ್ದ ಕನ್ನಡಕದ ಡಬ್ಬಿಯನ್ನು ಎಂದಿನಂತೆ ಜೇಬಿಗೆ ಹಾಕಿಕೊಂಡ. ಅದು ಅಪ್ಪನದೇ ಇರಬೇಕೆಂದು ಮಗಳು ತಿಳಿದಿದ್ದಳು.

ಒಂದನೇ ಹಾಲಿನಲ್ಲಿ ಪ್ರಮಾಣ ಮಾಡಿಸುವವಳು ಹೊಸ ಹುಡುಗಿ. ಆರು ತಿಂಗಳ ಕೆಳಗೆ ಅವಳಿಗೆ ಕೆಲಸ ಕಲಿಸಿದವನೇ ಪ್ರಮಾಣಣ್ಣ. ಗುರುವೇ ಕಟಕಟೆ ಹತ್ತಿದ್ದನ್ನು ಕಂಡು ಅವಳು ತಡಬಡಾಯಿಸಿ ಎದ್ದು ನಿಂತಳು. "ದೇವರಾ, ಕಾರ್ಡಾ ಅಣ್ಣಾ?"

ಹೆಂಡತಿ ಇದ್ದಿದ್ದರೆ ದೇವರು ಅನ್ನುತ್ತಿದ್ದಳು. ಆದರೆ ದೇವರಿಗೂ ಅವನಿಗೂ ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. "ಕಾರ್ಡು" ಅಂದ.

ಹುಡುಗಿ ಕಾರ್ಡು ಕೈಗಿಟ್ಟಳು. ಅದು ಕೈಗೆ ಬಂದದ್ದೇ ತಡ, ಮೂವತ್ತೊಂದು ವರ್ಷದ ಚಾಳಿ ಬಾಯಿಗೆ ಬಂತು. "ನಾನು ಹೇಳಿದ ಹಾಗೆ ಹೇಳಿ. ನಾನು ಸತ್ಯನಿಷ್ಠೆಯಿಂದ..."

"ನಾನು ಸತ್ಯನಿಷ್ಠೆಯಿಂದ..." ಎಂದಳು ಹುಡುಗಿ, ಕೈಕಟ್ಟಿ ನಿಂತು.

"ದೃಢೀಕರಿಸುತ್ತೇನೆ..."

"ದೃಢೀಕರಿಸುತ್ತೇನೆ..."

ಇಡೀ ಕೋರ್ಟ್ ಹಾಲ್ ಗೊಳ್ಳೆಂದು ನಕ್ಕಿತು. ವಕೀಲರು ಕಡತ ಅಡ್ಡ ಹಿಡಿದು ನಕ್ಕರು. ಜಡ್ಜಮ್ಮನಿಗೂ ನಗು ಬಂದಿರಬೇಕು, ಕೆಮ್ಮಿದರು. "ಸಾಕ್ಷಿ ನೀವಪ್ಪಾ, ಅವಳಲ್ಲ. ಮೊದಲಿಂದ, ನಿಧಾನವಾಗಿ ಹೇಳಿ."

ಈ ಸಲ ಹುಡುಗಿ ಒಂದೊಂದೇ ಪದ ಹೇಳಿದಳು, ಅವನು ಒಂದೊಂದನ್ನೇ ಹೇಳಿದ. ಸಾವಿರಾರು ಜನರ ಬಾಯಲ್ಲಿ ಹೇಳಿಸಿದ ಮಾತನ್ನು ಅವನು ಕಿವಿಯಿಟ್ಟು ಕೇಳಿದ್ದು ಅದೇ ಮೊದಲು. 'ಬೇರೇನನ್ನೂ ಹೇಳುವುದಿಲ್ಲ.' ಅಂದಮೇಲೆ ಹೇಳುವಂಥದ್ದು ಒಂದೇ ಉಳಿಯುತ್ತದೆ. ಮುಂದಿನ ಸಾಲಿನಲ್ಲಿ ಮಗಳು ಕೂತಿದ್ದಳು. ಆರೋಪಿ ಕಟಕಟೆಯಲ್ಲಿ ಚಾಲಕ ನೆಲ ನೋಡುತ್ತಿದ್ದ. ಬ್ರಹ್ಮಚಾರಿ ಮೇಷ್ಟ್ರು ನೆನಪಾದರು, ಅವರ ಬೆನ್ನಿಗೇ ಹೆಂಡತಿಯ ನಗು. ಇಬ್ಬರೂ ಸೇರಿ ಅವನಿಗೆ ಯಾವ ಸಹಾಯವನ್ನೂ ಮಾಡಲಿಲ್ಲ.

ಸರ್ಕಾರಿ ವಕೀಲರು ಕೇಳಿದರು: "ಹಸಿರು ಸಿಗ್ನಲ್ ನಿಮ್ಮ ಪತ್ನಿಯ ಕಡೆಗಿತ್ತು, ಅಲ್ಲವೇ?"

"ಇಲ್ಲ ಸಾರ್. ದಾಟೋರಿಗೆ ಕೆಂಪಿತ್ತು."

ವಕೀಲರು ಕಡತ ತಿರುವಿದರು. "ಪೊಲೀಸರ ಮುಂದೆ ಬೇರೆ ಹೇಳಿದ್ದೀರಲ್ಲ?"

"ಹೇಳಲಿಲ್ಲ. ಅವರು ಕೇಳಿದರು, ನಾನು ತಲೆ ಆಡಿಸಿದೆ. ಅದು ತಪ್ಪು, ನನ್ನದೇ." ಸಾಮಾನಿನ ಪಟ್ಟಿ ಓದುವ ಧ್ವನಿಯಲ್ಲೇ ಉಳಿದದ್ದನ್ನೂ ಹೇಳಿದ. "ಅವಳ ಕನ್ನಡಕ ನನ್ನ ಕೈಲಿತ್ತು. ಅವಳಿಗೆ ದೀಪ ಕಾಣಲಿಲ್ಲ. ನಾನು ಕೂಗಿದೆ, ಅದಕ್ಕೇ ನಿಂತಳು. ನಿಲ್ಲದೆ ಹೋಗಿದ್ದರೆ ದಾಟಿಬಿಡ್ತಿದ್ದಳೇನೋ. ಈ ಮನುಷ್ಯ ಬ್ರೇಕು ಹಾಕಿದ. ಇವನದೇನೂ ತಪ್ಪಿಲ್ಲ."

ಚಾಲಕ ತಲೆ ಎತ್ತಿ ಎರಡೂ ಕೈಯಿಂದ ಕಟಕಟೆಯ ಮರ ಹಿಡಿದುಕೊಂಡ. ಮಗಳು ಎದ್ದು ಹೊರಗೆ ಹೋದಳು.

ವರಾಂಡದ ಕೊನೆಯ ಬೆಂಚಿನಲ್ಲಿ ಸಿಕ್ಕಳು. ಪ್ರಮಾಣಣ್ಣ ಸ್ವಲ್ಪ ಜಾಗ ಬಿಟ್ಟು ಕೂತ.

"ಹದಿನಾಲ್ಕು ತಿಂಗಳು" ಅಂದಳು ಅವಳು. "ದಿನಾ ಒಟ್ಟಿಗೇ ಊಟ ಮಾಡ್ತಿದ್ದೆ ನಿನ್ನ ಜೊತೆ. ನನಗೊಂದು ಮಾತು ಹೇಳೋಕಾಗಲಿಲ್ವಾ? ನಾನು ಆ ಮನುಷ್ಯನಿಗೆ ಶಾಪ ಹಾಕ್ಕೊಂಡೇ ಇದ್ದೆನಲ್ಲಪ್ಪಾ."

"ಬಾಯಿ ಬರಲಿಲ್ಲ."

"ನೀನು ಕೂಗಿದಾಗ ಅಮ್ಮ ನಿಂತ್ಲಲ್ಲ, ಏನಾದ್ರೂ ಅಂದ್ಲಾ?"

"'ಒರೆಸಿದ್ದಾಯ್ತಾ ರೀ?' ಅಂದ್ಲು."

ಮಗಳು ಮೂಗು ಎಳೆದುಕೊಂಡು, "ಆ ಕನ್ನಡಕ ಎಲ್ಲಿ?" ಅಂದಳು.

ಅವನು ಜೇಬಿನಿಂದ ಡಬ್ಬಿ ತೆಗೆದುಕೊಟ್ಟ. ಅವಳು ಮುಚ್ಚಳ ತೆರೆದು ಕನ್ನಡಕವನ್ನು ಬೆಳಕಿಗೆ ಹಿಡಿದಳು. ಒಂದು ಗಾಜು ಸ್ವಚ್ಛವಾಗಿತ್ತು, ಇನ್ನೊಂದು ಮಬ್ಬು. ಯೋಚಿಸದೆ ದುಪಟ್ಟಾದ ತುದಿ ಹಿಡಿದು ಮಬ್ಬು ಗಾಜಿನ ಮೇಲೆ ಇಡಹೋದಳು.

"ಬೇಡ!"

ವರಾಂಡಕ್ಕೆ ವರಾಂಡವೇ ತಿರುಗಿ ನೋಡಿತು. ರಸ್ತೆಯಲ್ಲಿ ಕೂಗಿದ ಮೇಲೆ ಅವನ ಗಂಟಲಿನಿಂದ ಅಷ್ಟು ಜೋರಾದ ಧ್ವನಿ ಬಂದೇ ಇರಲಿಲ್ಲ. "ಒರೆಸಬೇಡ ಕಣೇ. ಅವಳ ಬೆರಳಿನ ಗುರುತು ಅದು. ಅದೊಂದೇ ಇರೋದು."

ಮಗಳು ದುಪಟ್ಟಾ ಕೈಬಿಟ್ಟಳು. ಕನ್ನಡಕವನ್ನು ಅಂಚು ಹಿಡಿದು ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಅಪ್ಪನ ಪಕ್ಕಕ್ಕೆ ಸರಿದು ಕೂತಳು.

"ಇಲ್ಲಪ್ಪಾ," ಅಂದಳು, "ಒರೆಸಲ್ಲ."