ಅತ್ತೆ ಬೀಳಗೊಡದ ಷೇರು

ಕಂಪ್ಲಿಯ ಅಕ್ಕಿ ಗಿರಣಿಯ ಮನೆಗೆ ನಾನು ಸೊಸೆಯಾಗಿ ಬಂದಾಗ ನನ್ನ ಪಿಎಚ್‌ಡಿ ಅರ್ಧಕ್ಕೆ ನಿಂತಿತ್ತು. ವಾಣಿಜ್ಯಶಾಸ್ತ್ರ ನನ್ನ ವಿಭಾಗ. ಉಕ್ಕಿನ ಮತ್ತು ಗಣಿ ಕಂಪನಿಗಳ ಷೇರು ಬೆಲೆ ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿದಿದೆ ಎಂಬುದು ವಿಷಯ. ನಮ್ಮ ಕಡೆ ಆಗ ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದ ಲಾರಿಗಳು ಹೊಸಪೇಟೆಯವರೆಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ದಾರಿಯಲ್ಲಿದ್ದ ನನ್ನ ತವರಿಗೆ ಹೋದರೆ ಅದಿರಿನ ಧೂಳಿಗೆ ಅಂಗಳದ ತುಳಸಿ ಗಿಡವೂ ಕೆಂಪಾಗಿರುತ್ತಿತ್ತು. ಯಾರ ಮನೆಯಲ್ಲಿ ಕೂತರೂ ಮಾತು ಕೊನೆಗೆ ಅದಿರು ಸಾಗಿಸುವ ಟಿಪ್ಪರಿಗೇ ಬಂದು ನಿಲ್ಲುತ್ತಿತ್ತು. ನನ್ನ ಗಂಡನ ಗೆಳೆಯರೊಬ್ಬರು ಊಟಕ್ಕೆ ಬಂದವರು ನನ್ನ ಪುಸ್ತಕಗಳನ್ನು ನೋಡಿ, “ಇಷ್ಟು ಓದಿ ಏನ್ ಮಾಡ್ತೀರಿ ಅಕ್ಕಾರ? ಒಂದು ಟಿಪ್ಪರ್ ತಗೊಳ್ರಿ, ಅದು ತಾನ ದುಡೀತೈತಿ” ಎಂದಿದ್ದರು.

ಅತ್ತೆ ಅವರಿಗೆ ಇನ್ನೊಂದು ರೊಟ್ಟಿ ಹಾಕಿ, “ಟಿಪ್ಪರ್ ಓಡ್ಸಾಕ ನೀವು ಅದೀರಲ್ಲಪಾ. ಆಕಿ ಓದಲಿ ಬಿಡ್ರಿ” ಎಂದರು. ಮದುವೆಯಾಗಿ ಆಗಿನ್ನೂ ಸ್ವಲ್ಪ ದಿನ. ಅತ್ತೆ ನನ್ನ ಪರವಾಗಿ ಆಡಿದ ಮೊದಲ ಮಾತು ಅದು.

ಈಚಿನ ವರ್ಷಗಳ ಬೆಲೆಗಳು ಅಂತರ್ಜಾಲದಲ್ಲಿ ಸಿಗುತ್ತಿದ್ದವು. ಹೊಸಪೇಟೆಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಒಂದೊಂದೇ ಪುಟ ತೆರೆದು, ಅಂಕಿಗಳನ್ನು ಎಕ್ಸೆಲ್‌ಗೆ ಅಂಟಿಸುವುದು. ಪುಟ ತೆರೆಯುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದಿತ್ತು. ಅಂಟಿಸಿದ ಮೇಲೆ ನೋಡಿದರೆ ತಿಂಗಳು ದಿನಾಂಕವಾಗಿ, ದಿನಾಂಕ ತಿಂಗಳಾಗಿ ತಲೆಕೆಳಗಾಗಿರುತ್ತಿತ್ತು. ಅದನ್ನು ಸರಿಮಾಡುವಾಗ ಕರೆಂಟು ಹೋಗುತ್ತಿತ್ತು. ಅದಾದರೂ ಹೇಗೋ ಮುಗಿಯಿತು. ಹಳೆಯ ವರ್ಷಗಳ ಬೆಲೆಗಳು ಮಾತ್ರ ಎಲ್ಲಿಯೂ ಇರಲಿಲ್ಲ. “ಸಂಡೂರಿನಲ್ಲಿ ನನ್ನ ಪರಿಚಯದವರೊಬ್ಬರಿದ್ದಾರೆ, ಗಣಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದವರು. ವ್ಯಾಪಾರದ ಇಂಗ್ಲಿಷ್ ಪತ್ರಿಕೆಯನ್ನು ಒಂದೂ ಬಿಡದೆ ಕೂಡಿಟ್ಟಿದ್ದಾರೆ, ಕೇಳಿ ನೋಡಮ್ಮ” ಎಂದು ನನ್ನ ಮಾರ್ಗದರ್ಶಕರು ಹೇಳಿದರು.

ನಾನು ಹೊರಟಾಗ ಅತ್ತೆಯೂ ಸೀರೆ ಬದಲಿಸಿ ನಿಂತಿದ್ದರು. “ಆ ಲಾರಿಗಳ ನಡುವ ಒಬ್ಬಾಕಿ ಹೋಗಬ್ಯಾಡ” ಎಂಬುದು ಅವರು ಹೇಳಿದ ಕಾರಣ. ಗಿರಣಿಯ ಜೀಪಿನಲ್ಲಿ ದಾರಿಯುದ್ದಕ್ಕೂ ಅವರು ಹುರಿಗಡಲೆ ತಿನ್ನುತ್ತಾ, ಡ್ರೈವರಿಗೂ ಕೊಡುತ್ತಾ ಕೂತಿದ್ದ ರೀತಿ ನೋಡಿದರೆ, ಗಿರಣಿಯ ಸದ್ದಿನಿಂದ ಒಂದು ದಿನ ಬಿಡುಗಡೆ ಬೇಕಾಗಿತ್ತು ಅಷ್ಟೆ ಎನಿಸಿತು.

ಸಂಡೂರಿನ ಆ ಹಿರಿಯರು ಪತ್ರಿಕೆಗಳನ್ನು ಕೊಡಲು ಹಿಂದೆಮುಂದೆ ನೋಡಿದರು. ಇಲ್ಲಿಯೇ ಕೂತು ಬರೆದುಕೊಳ್ಳಿ, ಹೊರಗೆ ಕೊಡುವುದಿಲ್ಲ ಎಂದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದು, “ಒಯ್ರೀ, ಎಲ್ಲಾ ಒಯ್ರಿ. ಆ ಖೋಲಿಯೊಳಗ ಒಂದು ಮಂಚ ಹಾಕಾಕ ಜಾಗ ಇಲ್ಲದಂಗ ಮಾಡ್ಯಾರ” ಎಂದರು. ಅತ್ತೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಿಗೆ ಶುರುಮಾಡಿದರು. ಮಾತಿನ ನಡುವೆ ಮೆಟ್ರಿಯಲ್ಲಿ ಇಬ್ಬರಿಗೂ ದೂರದ ಸಂಬಂಧಿಕರಿದ್ದಾರೆಂದು ಗೊತ್ತಾಯಿತು. ಮೆಟ್ರಿ ಅತ್ತೆಯ ತವರು. ಆಮೇಲೆ ಹಿರಿಯರಿಗೆ ಇಲ್ಲವೆನ್ನಲು ಆಗಲಿಲ್ಲ. “ಒಂದು ಹಾಳಿ ಹಿಂದಮುಂದ ಆಗಬಾರದು ನೋಡ್ರಿ” ಎಂದು ಕಟ್ಟುಗಳನ್ನು ತಾವೇ ಜೀಪಿಗೆ ಏರಿಸಿದರು. ಪ್ರತಿ ಹಾಳೆಯ ಅಂಚಿಗೂ ಕೆಂಪು ಮಣ್ಣು ಹತ್ತಿತ್ತು.

ಕಂಪ್ಲಿಯಲ್ಲಿ ಪಡಸಾಲೆಯ ಮೂಲೆಗೆ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಶುರುಮಾಡಿದೆ. ವಾರಕ್ಕೊಂದು ದಿನದ ಬೆಲೆ ಸಾಕಿತ್ತು. ಆದರೆ ಷೇರು ಬೆಲೆಯ ಪುಟದ ಅಕ್ಷರ ಸಾಸಿವೆಗಿಂತ ಸಣ್ಣದು. ಹಾಳೆ ನೋಡಿ ಪರದೆಗೆ ತಿರುಗುವಷ್ಟರಲ್ಲಿ ಸಾಲು ತಪ್ಪುತ್ತಿತ್ತು. ಒಂದು ಮಧ್ಯಾಹ್ನ ನಾನು ಹಣೆ ಚಚ್ಚಿಕೊಳ್ಳುವುದನ್ನು ನೋಡಿ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅತ್ತೆ ಕೈ ಒರೆಸಿಕೊಂಡು ಬಂದರು.

“ಕೊಡಿಲ್ಲಿ, ನಾ ಓದ್ತೀನಿ, ನೀ ಹೊಡಿ.”

“ಇಂಗ್ಲಿಷ್ ಐತ್ರಿ ಅತ್ತಿ.”

“ಅಂಕಿ ಓದಾಕ ಇಂಗ್ಲಿಷ್ ಯಾಕ ಬೇಕು? ಫೋನ್ ಹಚ್ಚೋದಿಲ್ಲೇನು ನಾನು?”

ನನಗೆ ಬೇಕಾದ ಕಂಪನಿಗಳ ಮುಂದೆ ಪೆನ್ಸಿಲಿನಿಂದ ಗೀಟು ಹಾಕಿ ಕೊಟ್ಟೆ. ಅತ್ತೆ ಕಾಲು ಚಾಚಿ ಗೋಡೆಗೆ ಒರಗಿ, ಶಾಲೆಯ ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ ಓದತೊಡಗಿದರು. ಹೆಸರು ಓದಲು ಬಾರದ್ದರಿಂದ ಕಂಪನಿಗಳಿಗೆ ತಾವೇ ಹೆಸರಿಟ್ಟರು. ವಾರ ವಾರವೂ ಮೇಲೆ ಕೆಳಗೆ ಹಾರುವುದು ‘ಸಿಡುಕಿ’. ಎಷ್ಟು ವಾರವಾದರೂ ಇದ್ದಲ್ಲಿಯೇ ಬಿದ್ದಿರುವುದು ‘ಸೋಮಾರಿ’. ನಿಧಾನವಾಗಿ, ಸದ್ದಿಲ್ಲದೆ ಏರುವುದಕ್ಕೆ ತಮ್ಮ ಅಣ್ಣನನ್ನು ನೆನೆದು ‘ಮೆಟ್ರಿ ಅಣ್ಣ’ ಎಂದರು. ನನಗೂ ಅದೇ ಸಲೀಸಾಗಿ, ಎಕ್ಸೆಲ್‌ನ ತಲೆಬರಹದಲ್ಲಿಯೂ ಹಾಗೆಯೇ ಹಾಕಿದೆ. ಆಮೇಲೆ ಬದಲಿಸಿದರಾಯಿತು ಎಂದುಕೊಂಡೆ.

ಬೆಲೆ ಇಳಿದ ವಾರ ಅತ್ತೆಯ ದನಿಯೂ ಇಳಿಯುತ್ತಿತ್ತು. “ಯಾಕ ಬಿತ್ತು ಪಾಪ? ಯಾರರ ತೀರಿಕೊಂಡ್ರೇನು ಆ ಮನ್ಯಾಗ?” ಎಂದು ಕೇಳುತ್ತಿದ್ದರು. ಜನ ಹೆದರಿ ಮಾರಿದರೆ ಬೆಲೆ ಬೀಳುತ್ತದೆ ಎಂದು ವಿವರಿಸಿದರೆ, “ಹೆದರೋರು ಯಾಕ ತಗೋಬೇಕು?” ಎನ್ನುತ್ತಿದ್ದರು. ಕರೆಂಟು ಹೋದಾಗ ಕಂಪ್ಯೂಟರಿಗೆ ರಜೆ, ನಮಗೆ ಮಾತು. ಮೆಟ್ರಿಯ ಶಾಲೆಯಲ್ಲಿ ಲೆಕ್ಕದಲ್ಲಿ ತಮ್ಮನ್ನು ಮೀರಿಸುವವರು ಇರಲಿಲ್ಲವೆಂದೂ, ದೊಡ್ಡವಳಾದ ಮೇಲೆ ಬಿಡಿಸಿದರೆಂದೂ ಅವರು ಹೇಳಿದ್ದು ಅಂಥದೊಂದು ಮಧ್ಯಾಹ್ನ. ದೂರಿನ ದನಿಯಲ್ಲಲ್ಲ, ಎಂದೋ ತಿಂದ ಹಣ್ಣಿನ ರುಚಿ ಹೇಳುವ ಹಾಗೆ. ಗಿರಣಿಯಿಂದ ಊಟಕ್ಕೆ ಬಂದ ನನ್ನ ಗಂಡ ನಮ್ಮಿಬ್ಬರ ಮಗ್ಗಿ ಕೇಳಿ, ತಾವೇ ತಟ್ಟೆ ಹಾಕಿಕೊಂಡು ಉಣ್ಣುವುದನ್ನು ಕಲಿತರು.

ಬೇಸಿಗೆ ಮುಗಿದು ಕಾಲುವೆಗೆ ನೀರು ಬಿಟ್ಟರು. ಕಟ್ಟುಗಳು ಕರಗುತ್ತಾ ಬಂದವು. ಕೊನೆಯ ವರ್ಷಗಳ ಹಾಳೆಗಳು ಬೇಗ ಬೇಗ ಮುಗಿದವು. ಅತ್ತೆ ಈಗ ತಡವರಿಸದೆ ಓದುತ್ತಾರೆ, ಓದು ಕುದುರಿದೆ ಎಂದು ನಾನು ಹಿಗ್ಗಿದೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮಾರ್ಗದರ್ಶಕರ ಬಳಿ ಹೋದೆ.

ಅವರು ಕನ್ನಡಕ ಏರಿಸಿ ಪರದೆ ನೋಡಿದರು. “ಈ ಸಿಡುಕಿ ಅಂದ್ರೆ ಯಾವ ಕಂಪನಿಯಮ್ಮ?”

ತಲೆಬರಹ ಬದಲಿಸುವುದನ್ನು ಮರೆತಿದ್ದೆ. ಕಿವಿ ಬಿಸಿಯಾಯಿತು. ವಿಷಯ ಹೇಳಿದೆ. ಅವರು ನಕ್ಕು ನಕ್ಕು ಸುಸ್ತಾದರು. ಆದರೆ ನಕ್ಷೆ ಬರೆಸಿ ನೋಡಿದಾಗ ಅವರ ನಗು ನಿಂತಿತು. ‘ಮೆಟ್ರಿ ಅಣ್ಣ’ನ ಗೆರೆಯ ಮೇಲೆ ಬೆರಳಿಟ್ಟು, “ಇಲ್ಲಿಂದ ಮುಂದಕ್ಕೆ ನೋಡು. ಮಾರುಕಟ್ಟೆಯೇ ಬಿದ್ದ ಕಾಲದಲ್ಲಿಯೂ ಇದೊಂದು ಬೀಳೋದೇ ಇಲ್ಲ. ಉಳಿದವು ಕೂಡ ಒಂದೊಂದೇ ಮೆಟ್ಟಿಲು ಹತ್ತಿದ ಹಾಗಿವೆ. ಇಂಥ ಷೇರುಗಳು ಇದ್ದಿದ್ದರೆ ನಾನು ಮೇಷ್ಟ್ರಾಗಿ ಇರ್ತಿದ್ದೆನಾ? ಮೂಲದ ಜೊತೆ ಒಮ್ಮೆ ಹೋಲಿಸು” ಎಂದರು.

ಮನೆಗೆ ಬಂದು, ಅತ್ತೆ ಗುಡಿಗೆ ಹೋಗಿದ್ದ ಹೊತ್ತಿನಲ್ಲಿ ಹಾಳೆಗಳನ್ನು ತೆರೆದೆ. ಮಾರ್ಗದರ್ಶಕರು ಬೆರಳಿಟ್ಟ ಕಡೆ ಎಕ್ಸೆಲ್‌ನಲ್ಲಿದ್ದ ಬೆಲೆಗೂ ಹಾಳೆಯಲ್ಲಿದ್ದ ಬೆಲೆಗೂ ಸಂಬಂಧವೇ ಇರಲಿಲ್ಲ. ಮೊದಲ ಕಟ್ಟುಗಳೆಲ್ಲ ಸರಿಯಿದ್ದವು. ಆಮೇಲಿನವುಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು. ಕೊನೆಯವುಗಳಲ್ಲಿ ಬರೀ ತಪ್ಪು. ಆಗ ಒಂದೊಂದೇ ನೆನಪಾಗತೊಡಗಿತು. ಗೋಡೆಗೆ ಒರಗಿ ಓದುತ್ತಿದ್ದವರು ಬಾಗಿಲ ಬೆಳಕಿಗೆ ಸರಿದಿದ್ದರು. ಹಾಳೆ ಮೂಗಿನ ಹತ್ತಿರ ಬಂದಿತ್ತು. ಅಕ್ಕಿ ಆರಿಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದರು. ರವಿಕೆಗೆ ಗುಂಡಿ ಹಚ್ಚಲು ಸೂಜಿ ಪೋಣಿಸಿಕೊಡೆಂದು ನನ್ನನ್ನು ಕೇಳಿದ್ದರು. ಕೊನೆಕೊನೆಗೆ ಅವರು ಓದುವಾಗ ಹಾಳೆಯನ್ನು ನೋಡುತ್ತಲೇ ಇರಲಿಲ್ಲವೇನೋ. ನನ್ನ ಕಣ್ಣುಗಳು ಪರದೆಯ ಕಡೆಗಿದ್ದುದರಿಂದ ನಾನು ಅದನ್ನು ಗಮನಿಸಿರಲಿಲ್ಲ.

ಗಂಡನಿಗೆ ಹೇಳಿದೆ. ಆಸ್ಪತ್ರೆ ಅಂದರೆ ಅವ್ವ ಬಾಗಿಲು ಹಾಕಿಕೊಳ್ಳುತ್ತಾರೆ ಎಂದರು. ಹಾಗಾಗಿ ಮರುದಿನ ಚಹಾ ಕುಡಿಯುವಾಗ, “ಅತ್ತಿ, ಕಂಪ್ಯೂಟರ್ ನೋಡಿ ನೋಡಿ ನನ್ನ ಕಣ್ಣು ಮಂಜಾಗ್ಯಾವ್ರಿ. ಹೊಸಪೇಟಿಗೆ ಹೋಗಿ ತೋರಿಸ್ಬೇಕು, ಜೋಡಿ ಬರ್ತೀರಾ?” ಎಂದೆ. ಬರುತ್ತೇನೆಂದರು.

ಬಸ್ಸು ಊರು ದಾಟಿ ಬಾಳೆತೋಟಗಳ ನಡುವೆ ಹೋಗುವಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು. “ಮಂಜಾಗಿರೋದು ನಿನ್ನ ಕಣ್ಣಲ್ಲ, ನಂದು. ಇಬ್ಬರಿಗೂ ಗೊತ್ತೈತಿ, ಸುಮ್ನ ಯಾಕ ನಾಟಕ?”

ಅವರೇ ಮುಂದುವರಿಸಿದರು. “ನಮ್ಮವ್ವಗ ಹಿಂಗ ಆಗಿತ್ತು. ಯಾವುದೋ ಊರಾಗ ಆಪರೇಷನ್ ಮಾಡಿಸಿಕೊಂಡು ಬಂದ್ಳು. ಆಮ್ಯಾಲ ಮೊದಲು ಕಾಣತಿದ್ದಷ್ಟೂ ಕಾಣಲಿಲ್ಲ. ಗೋಡಿ ಹಿಡಕೊಂಡು ಅಡ್ಡಾಡಿ ಅಡ್ಡಾಡಿ ಸತ್ಲು.”

“ಅದಕ್ಕ ಹೇಳಲಿಲ್ಲೇನ್ರಿ?”

“ಅದೊಂದು. ಇನ್ನೊಂದು, ಕಾಣವಲ್ದು ಅಂದ್ರ ನೀ ಪೇಪರ್ ಕಸಗೊಂಡು ಒಬ್ಬಾಕೀನ ಕುಂದ್ರತಿದ್ದಿ. ನನಗ ಆ ಹೊತ್ತು ಭಾಳ ಸೇರಿತ್ತು.”

ಬಸ್ಸಿನ ಸದ್ದು ಇಲ್ಲದಿದ್ದರೆ ನಾನು ಮೂಗು ಎಳೆದುಕೊಂಡದ್ದು ಅವರಿಗೆ ಕೇಳುತ್ತಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದೆ, “ಹಂಗಾದ್ರ ಅಷ್ಟು ಬೆಲಿ ಎಲ್ಲಿಂದ ಹೇಳಿದ್ರಿ? ಮೆಟ್ರಿ ಅಣ್ಣ ಒಮ್ಮಿನೂ ಬೀಳಲಿಲ್ಲಲ್ರಿ!”

“ಹಿಂದಿನ ವಾರದ್ದು ನೆನಪಿರ್ತಿತ್ತು, ಅದಕ್ಕ ಒಂಚೂರು ಸೇರಿಸಿ ಹೇಳ್ತಿದ್ದೆ. ಹೆಂಗೂ ಕಾಣವಲ್ದು, ಹೇಳೋದು ಹೇಳ್ತೀನಿ, ಒಳ್ಳೇದರ ಹೇಳೋಣ ಅಂದೆ.”

ನನಗೆ ನಗು ತಡೆಯಲಾಗಲಿಲ್ಲ. ಮೊದಲು ಬೇಜಾರಿನಿಂದ ನೋಡಿದ ಅತ್ತೆಗೂ ನಗು ಹತ್ತಿತು. ಕಂಡಕ್ಟರು ತಿರುಗಿ ನೋಡುವಷ್ಟು ನಕ್ಕೆವು. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಅವರು ನನ್ನ ಕೈ ಹಿಡಿದರು.

ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಪೂರ್ತಿ ಬಲಿತಿದೆ, ಅದನ್ನು ಮೊದಲು ತೆಗೆಯೋಣ ಎಂದರು ಡಾಕ್ಟರು. ಅತ್ತೆ ಡಾಕ್ಟರನ್ನು ಚೆನ್ನಾಗಿ ವಿಚಾರಿಸಿದರು. ಯಾವ ಊರು, ಎಲ್ಲಿ ಕಲಿತಿರಿ, ನಿಮ್ಮ ತಾಯಿಗೆ ನೀವೇ ಮಾಡಿದಿರೋ ಬೇರೆಯವರ ಹತ್ತಿರ ಮಾಡಿಸಿದಿರೋ. “ನಾನೇ ಮಾಡೀನ್ರಿ” ಎಂದು ಆ ತರುಣ ಡಾಕ್ಟರು ಹೇಳಿದ ಮೇಲೆಯೇ ಒಪ್ಪಿದ್ದು. ಆಪರೇಷನ್ ದಿನ ನಾನು, ನನ್ನ ಗಂಡ ಹೊರಗೆ ಬೆಂಚಿನ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ನಾನೇ ನೆಪ ಹೇಳಿ ಕರೆತಂದಿದ್ದೆ. ಅತ್ತೆಯ ಅವ್ವನಿಗೆ ಆದಂತೆ ಇವರಿಗೂ ಆದರೆ ಏನು ಮಾಡುವುದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನೋಡಿದ್ದು ನನ್ನನ್ನು. ಬಹಳ ಹೊತ್ತು ನೋಡಿ, “ಎಷ್ಟು ಸೊರಗೀಯವ್ವಾ! ಇವರು ಹೊಟ್ಟಿಗೆ ಹಾಕೂದಿಲ್ಲೇನು ನಿನಗ?” ಎಂದರು. ಇವರು ಅಂದರೆ ಯಾರು ಎಂದು ನನ್ನ ಗಂಡ ಕೇಳಿದರು.

ತಿರುಗಿ ಬರುವಾಗ ಅವರಿಗೆ ಮನೆಗೆ ಹೋಗುವ ಮನಸ್ಸೇ ಇರಲಿಲ್ಲ. ಕಮಲಾಪುರದಲ್ಲಿ ಜೀಪು ಹಂಪಿಯ ಕಡೆ ತಿರುಗಿಸಿದೆವು. ಕಪ್ಪು ಕನ್ನಡಕ ಹಾಕಿಕೊಂಡು ಗುಡಿಯ ಮುಂದೆ ನಿಂತು ಗೋಪುರದ ಬೊಂಬೆಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಹೊಳೆಯಾಚೆ ಒಂದರ ಮೇಲೊಂದು ಕೂತ ಬಂಡೆಗಳನ್ನು ತೋರಿಸಿ, “ಅಲ್ಲೊಂದು ಆಡು ನಿಂತೈತಿ ನೋಡು” ಎಂದರು. ನನಗೆ ಆಡು ಕಾಣಲು ಸ್ವಲ್ಪ ಸಮಯ ಹಿಡಿಯಿತು. ನಿಜವಾಗಿಯೂ ಇತ್ತು.

ಅವರು ವಿಶ್ರಾಂತಿಯಲ್ಲಿದ್ದಾಗ ಕೆಟ್ಟ ಭಾಗವನ್ನು ನಾನು ಅಳಿಸಿ ಮೊದಲಿನಿಂದ ತುಂಬಿಸಿದೆ. ಡಾಕ್ಟರು ಓದಬಹುದು ಎಂದ ಮೇಲೆ, ತಾವು ಒಮ್ಮೆ ನೋಡಿಯೇ ಬಿಡುವುದಾಗಿ ಅತ್ತೆ ಪಟ್ಟು ಹಿಡಿದರು. ಈಗ ನಾನು ಪರದೆಯಿಂದ ಓದುವುದು, ಅವರು ಹಾಳೆಯಲ್ಲಿ ತಾಳೆ ನೋಡುವುದು. ಬೆಲೆ ಕುಸಿದ ವಾರಗಳು ಬಂದಾಗ ಅವರು ಹಾಳೆ ಕೆಳಗಿಟ್ಟರು. “ಅಯ್ಯಯ್ಯ! ನಮ್ಮಣ್ಣ ಇಷ್ಟು ಬಿದ್ದಿದ್ನೇನು? ನನಗ ಗೊತ್ತ ಆಗಲಿಲ್ಲ ನೋಡು.” ನನ್ನ ಎರಡು ತಪ್ಪುಗಳನ್ನೂ ಹಿಡಿದು, ಆ ದಿನವೆಲ್ಲ ಮನೆಗೆ ಬಂದವರಿಗೆಲ್ಲ ಹೇಳಿದರು.

ಪತ್ರಿಕೆಗಳನ್ನು ತಿರುಗಿ ಕೊಡಲು ಸಂಡೂರಿಗೆ ಹೋದಾಗ ಮಳೆಗಾಲ. ಧೂಳು ಅಡಗಿತ್ತು, ಗುಡ್ಡಗಳು ಹತ್ತಿರ ಬಂದಂತಿದ್ದವು. ಗಣಿಯವರು ಹಸಿರಿನ ನಡುವೆ ಕೆಂಪು ಮೆಟ್ಟಿಲುಗಳನ್ನು ತುದಿಯವರೆಗೆ ಕೊರೆದಿದ್ದರು. ಅತ್ತೆ ಮಾತು ನಿಲ್ಲಿಸಿ ನೋಡುತ್ತಾ ಕೂತರು. “ಗುಡ್ಡ ಕೊಯ್ದ ಹಾಕ್ಯಾರಲ್ಲವ್ವಾ” ಎಂದರು ಮೆಲ್ಲಗೆ. ಹಿರಿಯರು ಹಾಳೆಗಳ ಕ್ರಮ ನೋಡಿ ತೃಪ್ತರಾದರು. ಕಟ್ಟುಗಳು ಮರಳಿ ಬಂದದ್ದಕ್ಕೆ ಅವರ ಹೆಂಡತಿಗೆ ಆದ ನಿರಾಸೆಯನ್ನು ಅತ್ತೆ ಮೆಟ್ರಿಯ ಸುದ್ದಿ ಹೇಳಿ ಮರೆಸಿದರು.

ಪಿಎಚ್‌ಡಿ ಮುಂದೆ ಮುಗಿಯಿತು. ಕೊನೆಯ ಮೌಖಿಕ ಪರೀಕ್ಷೆಗೆ ಅತ್ತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಗಡಸು ದನಿಯಲ್ಲಿ ಪ್ರಶ್ನೆ ಕೇಳಿದಾಗಲೆಲ್ಲ ಅತ್ತೆ ಅವರನ್ನು ದುರುಗುಟ್ಟಿ ನೋಡುತ್ತಿದ್ದರೆಂದು ಆಮೇಲೆ ಮಾರ್ಗದರ್ಶಕರು ಹೇಳಿದರು.

ಎಡಗಣ್ಣಿನ ಆಪರೇಷನ್ನಿಗೆ ಯಾರೂ ಹೇಳಬೇಕಾಗಲಿಲ್ಲ. ಒಂದು ಬೆಳಗ್ಗೆ ಅತ್ತೆಯೇ ಚೀಲ ತುಂಬಿಕೊಂಡು ಪಡಸಾಲೆಗೆ ಬಂದರು. ನಾನು ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದೆ. ಆಗ ನನ್ನ ಮಗಳು ಹುಟ್ಟಿ ಕೆಲವು ತಿಂಗಳಾಗಿತ್ತು. “ಈಕಿನ್ನ ಎರಡೂ ಕಣ್ಣಿಲೆ ನೋಡ್ಬೇಕು. ನೀ ಬರಬ್ಯಾಡ, ಮನ್ಯಾಗಿರು” ಎಂದರು. ಮಗಳ ಗಲ್ಲಕ್ಕೊಂದು ಬೆರಳು ಮುಟ್ಟಿಸಿ, ಜೀಪಿಗೆ ಕಾಯದೆ, ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟರು. ಗಿರಣಿಯಿಂದ ಓಡಿಬಂದ ನನ್ನ ಗಂಡ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವರ ಹಿಂದೆ ಹೊರಟರು.