ನನ್ನ ಹತ್ರಾನೇ ಇತ್ತು

ಡಲ್ಲಾಸಿನ ಪಕ್ಕದ ಊರು ಫ್ಲವರ್ ಮೌಂಡಿನ ಭಾನುವಾರದ ಕನ್ನಡ ತರಗತಿಯಲ್ಲಿ ನಾನು ಪ್ರತಿ ವರ್ಷ ಒಂದು ಮಾತನ್ನು ಜಂಬದಿಂದ ಹೇಳುತ್ತಿದ್ದೆ. ಇಂಗ್ಲಿಷಿನ 'ಹ್ಯಾವ್' ನಮ್ಮ ಆಡುಮಾತಿಗೆ ಬೇಕೇ ಇಲ್ಲ. ನಾವು ಯಾವುದರ ಒಡೆಯರೂ ಅಲ್ಲ. ಪೆನ್ನಾಗಲಿ ಕಾರಾಗಲಿ ನಮ್ಮ ಹತ್ತಿರ ಇರುತ್ತದೆ, ಅಷ್ಟೆ. ಮಕ್ಕಳು "ಓಕೆ ಆಂಟಿ" ಎಂದು ಪುಸ್ತಕದಲ್ಲಿ ಇಂಗ್ಲಿಷಿನಲ್ಲೇ ಗೀಚಿಕೊಳ್ಳುತ್ತಿದ್ದವು. ದೊಡ್ಡ ವೇದಾಂತ ಹೇಳಿಬಿಟ್ಟೆನೆಂದು ನಾನು ಬೀಗುತ್ತಿದ್ದೆ. ಆ ಪಾಠ ನಿಲ್ಲಿಸಿ ಎಷ್ಟೋ ವರ್ಷವಾಯಿತು.

ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳನ್ನು ಸಜ್ಜುಮಾಡುವ ವೈಟುಕೆ ಕೆಲಸಕ್ಕೆಂದು ನಮ್ಮವರು ಡಲ್ಲಾಸಿಗೆ ಹಿಂಡುಹಿಂಡಾಗಿ ಬಂದಿಳಿಯುತ್ತಿದ್ದ ಕಾಲ ಅದು. ನಾವು ಅಲ್ಲೇ ಪಕ್ಕದ ಯೂಲೆಸ್‌ನಲ್ಲಿದ್ದೆವು. ಒಂದು ದಿನ ಡೌನ್‌ಟೌನಿನಿಂದ ವಕೀಲೆಯೊಬ್ಬರು ಫೋನ್ ಮಾಡಿ, ಕನ್ನಡದ ಒಂದು ಟೇಪು ಕೇಳಿ ಇಂಗ್ಲಿಷಿಗೆ ಮಾಡಿಕೊಡಬೇಕು, ಆಮೇಲೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಅದನ್ನೇ ಹೇಳಬೇಕು ಎಂದರು. ಅವರ ಕಕ್ಷಿದಾರ ಮೈಸೂರಿನ ಹುಡುಗ, ವರ್ಕ್ ವೀಸಾದವನು, ಜೈಲಿನಲ್ಲಿದ್ದ. ಪೊಲೀಸರು ಅವನ ಅಪಾರ್ಟ್‌ಮೆಂಟಿಗೆ ಬಂದದ್ದು ಅವನಿಗಿಂತ ಮುಂಚೆ ಅಲ್ಲಿದ್ದ ಬಾಡಿಗೆದಾರನನ್ನು ಹುಡುಕಿಕೊಂಡು. ಇವನು ಬಾಗಿಲು ತೆಗೆದು, ಬನ್ನಿ, ಎಲ್ಲಿ ಬೇಕಾದರೂ ನೋಡಿ, ಕಾಫಿ ಕುಡಿಯುತ್ತೀರಾ ಎಂದನಂತೆ. ಅವನು ಮಲಗುವ ಮಂಚದ ತಲೆಕಡೆಯ ಹಲಗೆಯೊಳಗೆ ಗುಂಡು ತುಂಬಿದ ಪಿಸ್ತೂಲು ಸಿಕ್ಕಿತು. ಹಳೆಯ ಬಾಡಿಗೆದಾರ ಬಿಟ್ಟುಹೋದ ಮಂಚ ಅದು. ಇವನು ಆ ಮನೆಗೆ ಬಂದು ಎಂಟು ತಿಂಗಳಾಗಿತ್ತು.

ಟೆಕ್ಸಾಸಿನಲ್ಲಿ ಪಿಸ್ತೂಲಿಲ್ಲದ ಮನೆ ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ಹುಡುಕಿದಂತೆ. ಆದರೆ ಆ ಸವಲತ್ತು ಇಲ್ಲಿನವರಿಗೆ. ವೀಸಾದವರ ಹತ್ತಿರ ಬಂದೂಕು ಇದ್ದರೆ (ನೋಡಿ, ಬರೆಯುವಾಗಲೂ ಅದೇ ಮಾತು ಬಂತು) ಅದು ಫೆಡರಲ್ ಅಪರಾಧ. ವಕೀಲೆ ನನಗೆ ಬಿಡಿಸಿ ಹೇಳಿದರು. ಸರ್ಕಾರ ಎರಡು ಸಂಗತಿ ತೋರಿಸಬೇಕು: ಪಿಸ್ತೂಲು ಅವನ ವಶದಲ್ಲಿತ್ತು, ಮತ್ತು ಅದು ಅಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದಾದರೆ ಮನೆಗೆ ಹೋಗುತ್ತಾನೆ. ಗೊತ್ತಿತ್ತೆಂದಾದರೆ ವರ್ಷಗಟ್ಟಲೆ ಜೈಲು. ಸರ್ಕಾರದ ಕೈಯಲ್ಲಿದ್ದ ಗಟ್ಟಿ ಸಾಕ್ಷಿಯೆಂದರೆ ಅವನು ಜೈಲಿನಿಂದ ಮೈಸೂರಿನ ಅಕ್ಕನಿಗೆ ಮಾಡಿದ ಒಂದು ಫೋನು. ಜೈಲಿನ ಫೋನುಗಳೆಲ್ಲ ರೆಕಾರ್ಡ್ ಆಗುತ್ತವೆ. ಮಾತು ಶುರುವಾಗುವ ಮೊದಲು ಒಂದು ಯಂತ್ರದ ದನಿ ಅದನ್ನು ಹೇಳುತ್ತದೆ ಕೂಡ.

ವಕೀಲೆಯ ಆಫೀಸಿನಲ್ಲಿ ಮಧ್ಯಾಹ್ನದ ಬಿಸಿಲು ಮೇಜಿನ ತುಂಬ ಬಿದ್ದಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಅತ್ತು ಅತ್ತು ಗಂಟಲು ಕಟ್ಟಿದ್ದ ಹೆಂಗಸಿನ ದನಿ ಕೇಳಿತು.

"ಅದು ಎಲ್ಲಿತ್ತೋ?"

"ನನ್ನ ಹತ್ರಾನೇ ಇತ್ತು ಕಣಕ್ಕಾ. ಎಂಟ್ ತಿಂಗ್ಳು. ಗೊತ್ತೇ ಆಗ್ಲಿಲ್ಲ."

ಅಕ್ಕ, "ಊಟ ಮಾಡಿದ್ಯಾ?" ಎಂದಳು.

ನನಗೆ ಅಯ್ಯೋ ಪಾಪ ಅನ್ನಿಸಿತು. ಎಂಟು ತಿಂಗಳು ಪಕ್ಕದಲ್ಲೇ ಇದ್ದರೂ ಪಾಪದವನಿಗೆ ತಿಳಿಯಲಿಲ್ಲವಲ್ಲ. ಹಾಗೆಯೇ ಬರೆದುಕೊಟ್ಟೆ. ಆಗ ವಕೀಲೆ ಸರ್ಕಾರ ಆಸ್ಟಿನ್ನಿನಲ್ಲಿ ಯಾರಿಂದಲೋ ಮಾಡಿಸಿದ ಅನುವಾದವನ್ನು ನನ್ನ ಮುಂದಿಟ್ಟರು. ಅದರಲ್ಲಿ ಹೀಗಿತ್ತು: ಅದನ್ನು ನಾನೇ ಇಟ್ಟುಕೊಂಡಿದ್ದೆ, ಎಂಟು ತಿಂಗಳು, ಅವರಿಗೆ ಪತ್ತೆಯೇ ಆಗಲಿಲ್ಲ.

ಯಾವ ದಡ್ಡ ಮಾಡಿದ್ದು ಇದನ್ನು ಎಂದು ಬಯ್ಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅದರಲ್ಲಿ ತಪ್ಪಿರಲಿಲ್ಲ. 'ಹತ್ರ ಇತ್ತು' ಅಂದರೆ ಪಕ್ಕದಲ್ಲಿತ್ತು ಎಂದೂ ಹೌದು, ನನ್ನಲ್ಲಿತ್ತು ಎಂದೂ ಹೌದು. ಗೊತ್ತಾಗಲಿಲ್ಲ ಅಂದರೆ ಯಾರಿಗೆ? ನನಗೋ, ಪೊಲೀಸರಿಗೋ? ಅದನ್ನು ಹೇಳದೆಯೇ ನಮ್ಮಲ್ಲಿ ವಾಕ್ಯ ಪೂರ್ತಿಯಾಗುತ್ತದೆ. ನಿರಪರಾಧಿಯೂ ಅಪರಾಧಿಯೂ ಒಂದಕ್ಷರ ಬದಲಿಸದೆ ಅದೇ ಮಾತನ್ನು ಆಡಬಹುದಿತ್ತು.

ಮತ್ತೆ ಕೇಳಿದೆ. 'ತಿಂಗ್ಳು' ಆದಮೇಲೆ, 'ಗೊತ್ತೇ' ಎನ್ನುವ ಮುಂಚೆ ಒಂದು ಸಣ್ಣ ಉಸಿರಿತ್ತು. ಮೊದಮೊದಲು ಅದು ಬಿಕ್ಕಳಿಕೆಯಂತೆ ಕೇಳಿತ್ತು. ಐದಾರು ಸಲ ಕೇಳಿದ ಮೇಲೆ ಅದು ನಗುವಾಗಿತ್ತು. ಟೇಪು ಅದೇ, ಉಸಿರು ಅದೇ. ಹೆಡ್‌ಫೋನ್ ತೆಗೆದು ನೀರು ಕುಡಿದೆ. ಬೇರೆಯವರ ಮನೆಯ ಮಾತನ್ನು ಹೀಗೆ ಮತ್ತೆ ಮತ್ತೆ ಕೇಳಬಾರದು ಎನಿಸಿತು.

ಮನೆಯಲ್ಲಿ ಒಗ್ಗರಣೆ ಹಾಕುತ್ತಾ ಆ ಮಾತನ್ನೇ ಬೇರೆ ಬೇರೆ ರಾಗದಲ್ಲಿ ಹೇಳಿಕೊಂಡೆ. ನನ್ನ ಗಂಡ ಹಾಲ್‌ನಿಂದ, "ಏನೇ ಅದು? ಯಾರಿಗ್ ಗೊತ್ತಾಗ್ಲಿಲ್ಲ?" ಎಂದು ಕೂಗಿದರು. ಸಾಸಿವೆ ಸೀದುಹೋಯಿತು.

ಮರುವಾರ ವಕೀಲೆ, "ಹತ್ತಿರ ಅಂದರೆ ಎಷ್ಟು ಹತ್ತಿರ?" ಎಂದು ಕೇಳಿದರು. ಜೇಬಿನಲ್ಲಿದ್ದರೂ ಹತ್ತಿರ, ಆಚೆ ಬೀದಿಯಲ್ಲಿದ್ದರೂ ಹತ್ತಿರ, ಇಲ್ಲಿನವರಿಗೆ ಹ್ಯೂಸ್ಟನ್ನೂ ಡಲ್ಲಾಸಿಗೆ ಹತ್ತಿರವೇ ಅಲ್ಲವೇ, ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಊಟಕ್ಕೆ ಹೋಗಿ ಬರುತ್ತೀರಲ್ಲ ಎಂದೆ. ಅವರು ನಗಲಿಲ್ಲ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಅಪಾರ್ಟ್‌ಮೆಂಟಿಗೆ ಹೊರಟರು.

ಅದನ್ನು ಇನ್ನೂ ಯಾರಿಗೂ ಬಾಡಿಗೆಗೆ ಕೊಟ್ಟಿರಲಿಲ್ಲ. ಹೊರಗೆ ಸುಡು ಬಿಸಿಲು, ಒಳಗೆ ಎ.ಸಿ. ಯಾರಿಗೋ ಕಾಯುತ್ತಿರುವಂತೆ ಓಡುತ್ತಲೇ ಇತ್ತು. ಅಡುಗೆಮನೆಯಲ್ಲಿ ಹಿಂಗಿನ ವಾಸನೆ ಹೋಗಿರಲಿಲ್ಲ. ಮಂಚದ ತಲೆಕಡೆಗೆ ಪುಸ್ತಕದ ಗೂಡಿನಂಥ ಮರದ ಹಲಗೆ, ಅದರ ಮೇಲೆ ಅಂಗೈಯಗಲದ ಚಾಮುಂಡೇಶ್ವರಿ ಪಟ, ಕೆಳಗೆ ಉದುರಿ ಬಿದ್ದ ಊದುಬತ್ತಿಯ ಬೂದಿ. ಪಟದ ಹಿಂದಿನ ಹಲಗೆಯ ತುಂಡನ್ನು ಪಕ್ಕಕ್ಕೆ ಸರಿಸಿದರೆ ಒಂದು ಕತ್ತಲ ಸಂದು. ಪಿಸ್ತೂಲು ಇದ್ದದ್ದು ಅಲ್ಲಿ. ದಿನಾ ಸ್ನಾನ ಮಾಡಿ ಅದೇ ಹಲಗೆಗೆ ಕೈಮುಗಿಯುತ್ತಿದ್ದನಲ್ಲ, ಎಂಟು ತಿಂಗಳು ನಿತ್ಯ ಆಯುಧಪೂಜೆ ನಡೆದಿದೆ ಎಂದು ನನಗೆ ಅಸಂಬದ್ಧವಾಗಿ ನಗು ಬಂತು. ಮರುಕ್ಷಣವೇ ಇನ್ನೊಂದು ಯೋಚನೆ ಬಂದು ನಗು ನಿಂತುಹೋಯಿತು. ಏನನ್ನಾದರೂ ಬಚ್ಚಿಡುವವನು ಅದರ ಮುಂದೆ ದೇವರ ಪಟವನ್ನೇ ಇಡುತ್ತಾನೆ.

"ಒಂದು ನಿಮಿಷ ಮಲಗಿ ನೋಡುತ್ತೀರಾ?" ಎಂದರು ವಕೀಲೆ. ಮಲಗಿದೆ. ನನ್ನ ಕಿವಿಗೂ ಆ ಸಂದಿಗೂ ನಾಲ್ಕು ಬೆರಳು ಅಂತರ. ಮೇಲೆ ಯಾವುದೋ ವಿಮಾನ ಹಾರಿತು. ಹಲಗೆ ಟಿಕ್ ಟಿಕ್ ಎಂದು ಅದುರಿತು, ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟಿದಂತೆ. ಇಷ್ಟು ಹತ್ತಿರ ಇದ್ದು ಗೊತ್ತಾಗದೆ ಇರುತ್ತದೆಯೇ? ಯಾಕಿರಬಾರದು, ನಮ್ಮ ಮನೆಯ ಹಲಗೆಗಳ ಹಿಂದೆ ಏನಿದೆಯೆಂದು ನಾನು ಎಂದಾದರೂ ನೋಡಿದ್ದೇನೆಯೇ? ಎದ್ದು ಕೂತೆ. ಆ ವಾಕ್ಯದಂತೆ ಆ ಕೋಣೆಯೂ ಎರಡನ್ನೂ ಹೇಳುತ್ತಿತ್ತು.

ಕೋರ್ಟಿನಲ್ಲಿ ಅವನನ್ನು ಮೊದಲ ಸಲ ನೋಡಿದೆ. ಎಣ್ಣೆ ಹಾಕಿ ಬಾಚಿದ ತಲೆ, ಅಳತೆಗಿಂತ ದೊಡ್ಡ ಕೋಟು. ಅವನು ಸಾಕ್ಷಿ ಹೇಳಲಿಲ್ಲ. ಹೇಳದಿರುವ ಹಕ್ಕು ಅವನಿಗಿತ್ತು. ಹಾಗಾಗಿ ಟೇಪಿನ ದನಿ ಬಿಟ್ಟು ಅವನ ದನಿಯನ್ನು ನಾನು ಇವತ್ತಿಗೂ ಕೇಳಿಲ್ಲ.

ಸರ್ಕಾರಿ ವಕೀಲರು ಎರಡೂ ಅನುವಾದಗಳನ್ನು ಕೈಯಲ್ಲಿ ಹಿಡಿದು, ಯಾವುದು ಸರಿ ಎಂದರು.

"ಎರಡೂ" ಎಂದೆ.

"ಆಡಿದವನ ಮನಸ್ಸಿನಲ್ಲಿ ಒಂದೇ ತಾನೇ ಇದ್ದದ್ದು?"

"ಹೌದು. ಅದು ಮಾತಿನಲ್ಲಿ ಇಲ್ಲ."

"ಹಾಗಿದ್ದರೆ ನಿಮ್ಮ ಭಾಷೆಯವರಿಗೆ ಅರ್ಥವಾಗುವುದಾದರೂ ಹೇಗೆ?"

ನಾನು ಯೋಚಿಸದೆ, "ಮುಖ ನೋಡಿ" ಎಂದುಬಿಟ್ಟೆ. ಹನ್ನೆರಡು ಜನ ಜ್ಯೂರಿಯೂ ಒಟ್ಟಿಗೆ ತಿರುಗಿ ಅವನ ಮುಖ ನೋಡಿದರು. ನಾನೂ ನೋಡಿದೆ. ಅವನು ಮೇಜನ್ನು ನೋಡುತ್ತಿದ್ದ. ಭಯವಿಲ್ಲ, ದುಃಖವಿಲ್ಲ, ತೊಳೆದಿಟ್ಟ ತಟ್ಟೆಯಂಥ ಮುಖ. ಅಷ್ಟು ತಿಂಗಳು ಜೈಲಿನಲ್ಲಿದ್ದರೆ ಯಾರ ಮುಖವಾದರೂ ಹಾಗಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಸಂಶಯ ಉಳಿದರೆ ಬಿಡಬೇಕು, ಅದು ಇಲ್ಲಿನ ಕಾನೂನು, ಒಳ್ಳೆಯ ಕಾನೂನು. ವಕೀಲೆ ನನ್ನನ್ನು ಅಪ್ಪಿಕೊಂಡು ಅತ್ತರು. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಕೆಲಸ ಹೋಗಿದ್ದರಿಂದ ವೀಸಾವೂ ಹೋಗಿತ್ತು. ಅವನು ಊರಿಗೆ ವಾಪಸು ಹೊರಟನೆಂದು ಕೇಳಿದೆ.

ಅದಾಗಿ ಕೆಲವು ದಿನಗಳ ಮೇಲೆ, ಬೆಳಿಗ್ಗೆ ಹುರುಳಿಕಾಯಿ ಬಿಡಿಸುತ್ತಿದ್ದಾಗ ಮೈಸೂರಿನಿಂದ ಫೋನು ಬಂತು. "ಮೇಡಂ, ನಾನು ಅವನ ಅಕ್ಕ" ಎನ್ನುವ ಮುಂಚೆಯೇ ಗುರುತು ಹಿಡಿದೆ. ಅಷ್ಟು ಸಲ ಕೇಳಿದ ದನಿ. ವಕೀಲೆ ನಂಬರು ಕೊಟ್ಟಿದ್ದರಂತೆ. ನೀವು ದೇವರ ಹಾಗೆ ಬಂದಿರಿ, ನಿಮ್ಮ ಮಕ್ಕಳು ಚೆನ್ನಾಗಿರಲಿ ಎಂದೆಲ್ಲ ಹೇಳಿದರು. ನಾನು ಸಂಕೋಚದಿಂದ ಹೂಂಗುಟ್ಟಿದೆ. ಆಮೇಲೆ ಅವರ ದನಿ ತಗ್ಗಿತು.

"ಒಂದ್ ಮಾತು ಕೇಳ್ಲಾ ಮೇಡಂ? ಅವನು ಗೊತ್ತೇ ಆಗ್ಲಿಲ್ಲ ಅಂದಾಗ ನಾನು ಪೊಲೀಸರಿಗೆ ಅಂತ್ಲೇ ತಿಳ್ಕೊಂಡಿದ್ದೆ. ಅವತ್ತಿಂದ ಅನ್ನ ಸೇರ್ತಿರ್ಲಿಲ್ಲ. ಯಾರ್ ಹತ್ರಾನೂ ಹೇಳ್ಲಿಲ್ಲ. ಎತ್ತಿ ಆಡಿಸಿದ ತಮ್ಮ, ನನಗೇ ಹಂಗೆ ಕೇಳಿಸ್ತು. ಕೋರ್ಟಲ್ಲಿ ನೀವು ಅವನಿಗೇ ಗೊತ್ತಿರ್ಲಿಲ್ಲ ಅಂತ ಹೇಳಿದ್ರಂತಲ್ಲ."

ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟೆ.

"ನಾಳೆ ಬರ್ತಿದ್ದಾನೆ. ಇನ್ನು ನಮ್ಮನೇಲೇ ಇರ್ತಾನೆ. ಮಕ್ಕಳ ರೂಮಲ್ಲೇ ಹಾಸಿಗೆ ಹಾಕಿದ್ದೀನಿ. ನೀವು ಓದಿದೋರು, ಟೇಪು ಕೇಳಿದೋರು. ನೀವ್ ಹೇಳಿದ್ದೇ ಸರಿ ತಾನೇ ಮೇಡಂ?"

ಕೋರ್ಟಿನಲ್ಲಿ ಪ್ರಮಾಣ ಮಾಡಿ ಎರಡೂ ಅರ್ಥ ಹೇಳಿದ್ದೆ. ಆಕೆಗೆ ಮಾತ್ರ, "ಹೌದಮ್ಮಾ, ಧೈರ್ಯವಾಗಿರಿ" ಎಂದೆ.