ರೇಷನ್ ಕಾರ್ಡಿನಲ್ಲಿ ಇಲ್ಲದ ಹೆಸರು

ಮಹಾದೇವಮ್ಮನಿಗೆ ತನ್ನ ಅತ್ತಿಗೆಯ ಮೇಲಿದ್ದ ಹೊಟ್ಟೆಕಿಚ್ಚನ್ನು ನಾನು ದುರ್ಗುಣವೆಂದೇ ತಿಳಿದಿದ್ದೆ. ಈಗಲೂ ಆ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ಕಿಚ್ಚು ಇಲ್ಲದಿದ್ದರೆ ಅವಳ ಕಾಯಿಲೆ ಇನ್ನೂ ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದೂ ನಿಜ.

ಚಿಕ್ಕಜಾಜೂರಿನ ರೈಲ್ವೆ ನಿಲ್ದಾಣದ ಎದುರು ಅವಳದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ. ವಯಸ್ಸು ನಲವತ್ತೇಳು. ಮಾತು ಖಾರ, ಕೆಲಸ ಚೊಕ್ಕ. ತವರು ಭೀಮಸಮುದ್ರ. ಅಲ್ಲಿ ಅಣ್ಣ ತಿಪ್ಪೇರುದ್ರಪ್ಪ ಅಡಿಕೆ ವ್ಯಾಪಾರ ಮಾಡಿಕೊಂಡಿದ್ದಾನೆ. ಅವ್ವನ ಬೆಳ್ಳಿಯ ಡಾಬು ಅವನ ಹೆಂಡತಿ ಅನ್ನಪೂರ್ಣಮ್ಮನ ಸೊಂಟ ಸೇರಿದ ದಿನ ಶುರುವಾದ ಉರಿ ಆರಲೇ ಇಲ್ಲ. ಪ್ರತಿ ಪಂಚಮಿಗೆ ತವರಿನಿಂದ ಸೀರೆ ಬರುತ್ತದೆ. ಮಹಾದೇವಮ್ಮ ಮೊದಲು ಅದರ ಅಂಚನ್ನು ಬೆರಳಿನಿಂದ ಉಜ್ಜಿ ನೋಡುತ್ತಾಳೆ. ಆಮೇಲೆ ಅತ್ತಿಗೆ ಉಟ್ಟ ಸೀರೆಯ ಅಂಚನ್ನು ಕಣ್ಣಿನಿಂದಲೇ ಉಜ್ಜುತ್ತಾಳೆ.

ಅವರ ಅಪ್ಪ ಐವತ್ತೆರಡಕ್ಕೆ ಮೈಯೆಲ್ಲ ಊದಿಕೊಂಡು ಸತ್ತಿದ್ದರು. ಏಕೆಂದು ಯಾರೂ ಕೇಳಿರಲಿಲ್ಲ. ಕಳೆದ ವರ್ಷ ತಿಪ್ಪೇರುದ್ರಪ್ಪನ ಕಾಲೂ ಊದತೊಡಗಿದಾಗ ಚಿತ್ರದುರ್ಗದ ವೈದ್ಯೆಯೊಬ್ಬರು ಸ್ಕ್ಯಾನ್ ಮಾಡಿಸಿದರು. ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳಿದ್ದವು. ಇದು ಅಪ್ಪನಿಂದ ಬಂದದ್ದು, ಒಡಹುಟ್ಟಿದವರಿಗೂ ಮಕ್ಕಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಹದಿನೆಂಟು ದಾಟಿದ ರಕ್ತಸಂಬಂಧಿಗಳೆಲ್ಲ ನೋವಿಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಅವರು ಬಿಡಿಸಿ ಹೇಳಿದರು.

ತಿಪ್ಪೇರುದ್ರಪ್ಪ ಮನೆಗೆ ಬಂದು ರೇಷನ್ ಕಾರ್ಡ್ ತೆಗೆದು ಅದರಲ್ಲಿದ್ದ ಹೆಸರುಗಳನ್ನೆಲ್ಲ ಬರೆದುಕೊಂಡ. ಸರ್ಕಾರವೇ ಒಪ್ಪಿದ ಕುಟುಂಬ ಇರುವಾಗ ಬೇರೆ ಪಟ್ಟಿ ಏಕೆ ಎಂಬುದು ಅವನ ತರ್ಕ. ಹೀಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ದೊಡ್ಡ ಸೊಸೆ ಕಾರು ಹತ್ತಿದರು. ಸ್ಕ್ಯಾನಿನವರು ಪಟ್ಟಿಯಲ್ಲಿದ್ದವರನ್ನೆಲ್ಲ ನೋಡಿ ಕಳಿಸಿದರು. ಮಹಾದೇವಮ್ಮನ ಹೆಸರು ಆ ಕಾರ್ಡಿನಿಂದ ಅವಳ ಮದುವೆಯ ವರ್ಷವೇ ಹೋಗಿತ್ತು.

ಅವಳಿಗೆ ಸುದ್ದಿ ತಿಳಿದದ್ದು ಅತ್ತಿಗೆ ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ ಫೋಟೊದಿಂದ. ಆಸ್ಪತ್ರೆಯ ಫೈಲುಗಳನ್ನು ಪಕ್ಕಕ್ಕಿಟ್ಟು ಎಲ್ಲರೂ ದೋಸೆ ತಿನ್ನುತ್ತಿದ್ದರು. ಬಾಣಲೆಯ ಉರಿ ತಗ್ಗಿಸಿ ಅವಳು ಫೋನ್ ಮಾಡಿದಳು. ಹುಡುಗರಿಗೆ ಸದ್ಯಕ್ಕೆ ಏನೂ ಕಂಡಿಲ್ಲ, ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕಂತೆ ಎಂದು ಅನ್ನಪೂರ್ಣಮ್ಮ ಹೇಳಿದಳು. "ನನ್ನ ಕಿಡ್ನಿ ಮಾತ್ರ ಕನ್ನಡಿ ಇದ್ದಂಗೆ ಅವೆ ಅಂದ್ರು, ಮಾದೇವಿ."

"ಹೊರಗಿಂದ ಬಂದ ನಿನ್ ಹೊಟ್ಟೆ ನೋಡಿದ್ರು. ಆ ಮನ್ಯಾಗೆ ಹುಟ್ಟಿದ ನನ್ ಹೊಟ್ಟೆ ಬ್ಯಾಡಾತಾ?"

ಅತ್ತಿಗೆ ನಕ್ಕಳು. "ಕಾಯಿಲೆಗೂ ಹೊಟ್ಟೆಕಿಚ್ಚು ಪಡ್ತಾರೇನೇ?"

"ಪಡ್ತೀನಿ," ಎಂದು ಮಹಾದೇವಮ್ಮ ಫೋನಿಟ್ಟಳು.

ಮಾರನೆಯ ದಿನ ಅಂಗಡಿ ಮುಚ್ಚಿ ಚಿತ್ರದುರ್ಗದ ಬಸ್ಸು ಹತ್ತಿದಳು. ಅವಳಿಗೆ ಕಾಯಿಲೆಯ ಭಯವಿರಲಿಲ್ಲ. ಅತ್ತಿಗೆಗೆ ಮಾಡಿದ್ದು ತನಗೂ ಮಾಡಬೇಕು, ತನ್ನ ರಿಪೋರ್ಟು ಅವಳದಕ್ಕಿಂತ ಚೆನ್ನಾಗಿರಬೇಕು, ಇಷ್ಟೇ.

ವೈದ್ಯೆ ಅವಳ ದೂರನ್ನು ಕೇಳಿ ಒಂದು ಹಾಳೆಯಲ್ಲಿ ಅಪ್ಪನನ್ನು ಬರೆದು, ಕೆಳಗೆ ಗೆರೆ ಎಳೆದು ಅಣ್ಣ ತಂಗಿಯನ್ನು ಬರೆದರು. ಅನ್ನಪೂರ್ಣಮ್ಮನನ್ನು ಬದಿಗೆ ಬರೆದರು; ಅಪ್ಪನಿಂದ ಅವಳಿಗೆ ಗೆರೆ ಇರಲಿಲ್ಲ. "ಅವರದನ್ನ ನೋಡೋ ಅಗತ್ಯಾನೇ ಇರ್ಲಿಲ್ಲ. ನೋಡ್ಬೇಕಾಗಿದ್ದು ನಿಮ್ಮನ್ನ," ಎಂದರು.

ಮಹಾದೇವಮ್ಮನಿಗೆ ಇದರಿಂದ ತುಂಬ ಸಂತೋಷವಾಯಿತು. ಅದು ಅರ್ಧ ಗಂಟೆ ಉಳಿಯಿತು.

ಅವಳ ಎರಡೂ ಕಿಡ್ನಿಗಳಲ್ಲಿ ಗುಳ್ಳೆಗಳಿದ್ದವು. ಬಿ.ಪಿ. ನೂರ ಅರವತ್ತು ದಾಟಿತ್ತು. ಕಾಯಿಲೆ ವಾಸಿಯಾಗುವುದಿಲ್ಲ ಎಂಬುದನ್ನು ವೈದ್ಯೆ ಮುಚ್ಚಿಡಲಿಲ್ಲ. ಆದರೆ ಕಿಡ್ನಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಬಿ.ಪಿ. ಮಾತ್ರೆ ತಪ್ಪಿಸದೆ, ಉಪ್ಪು ಕಡಿಮೆ ಮಾಡಿ, ವರ್ಷಕ್ಕೊಮ್ಮೆಯಾದರೂ ಬಂದು ತೋರಿಸಿದರೆ ಅಣ್ಣನಿಗೆ ಬಂದಂಥ ಸ್ಥಿತಿಯನ್ನು ಬಹಳ ಕಾಲ ಮುಂದೂಡಬಹುದು ಎಂದರು. ಮಕ್ಕಳನ್ನೂ ಕಳಿಸಲು ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳಂತೆ. ಎಲ್ಲರೂ ಕನ್ನಡಿಯಂಥ ಎರಡೆರಡು ಕಿಡ್ನಿ ಹೊತ್ತು ಆರಾಮವಾಗಿ ಕೂತಿದ್ದಾರೆ ಎನಿಸಿತಂತೆ. ಎಲ್ಲರ ಮೇಲೂ ಸಿಟ್ಟು ಬಂತಂತೆ.

ಮರುದಿನ ನಾನು ಎಂದಿನಂತೆ ಮಂಡಕ್ಕಿಗೆಂದು ಅಂಗಡಿಗೆ ಹೋದಾಗ ಅವಳು ತನ್ನ ರೇಷನ್ ಕಾರ್ಡ್ ಮುಂದಿಟ್ಟುಕೊಂಡು ಮಕ್ಕಳ ಪಟ್ಟಿ ಬರೆಯುತ್ತಿದ್ದಳು. ಮಗ ಮಲ್ಲೇಶ್. ಸೊಸೆ ದಾಕ್ಷಾಯಿಣಿ. ಪೆನ್ನು ಅಲ್ಲೇ ನಿಂತಿತು. ಮಗಳು ದಿವ್ಯಾಳ ಹೆಸರು ಕಾರ್ಡಿನಲ್ಲಿರಲಿಲ್ಲ. ಮೂರು ವರ್ಷದ ಹಿಂದೆ ಶ್ರೀರಾಂಪುರಕ್ಕೆ ಮದುವೆ ಮಾಡಿಕೊಟ್ಟಾಗ ಹೊಳಲ್ಕೆರೆಯ ತಾಲ್ಲೂಕು ಕಚೇರಿಗೆ ಹೋಗಿ ಆ ಹೆಸರನ್ನು ತೆಗೆಸಿಬಂದವಳು ಮಹಾದೇವಮ್ಮನೇ.

ಸೊಸೆಯ ಹೆಸರನ್ನು ಹೊಡೆದುಹಾಕಿ ಮಗಳ ಹೆಸರು ಬರೆದಳು. ಆಮೇಲೆ ಫೋನ್ ಮಾಡಿ, ಸೋಮವಾರ ಸ್ಕ್ಯಾನಿಗೆ ದುರ್ಗಕ್ಕೆ ಬಾ ಎಂದಳು. ತನಗೇನೂ ಆಗಿಲ್ಲ, ಮನೆಯಲ್ಲಿ ಕೆಲಸವಿದೆ ಎಂದು ದಿವ್ಯಾ ರಾಗ ಎಳೆದದ್ದು ನನಗೂ ಕೇಳಿಸಿತು. ಮರುಕ್ಷಣ ಅವಳೇ ಕೇಳಿದಳು: "ದಾಕ್ಷಾಯಿಣಿ ಅತ್ತಿಗೇನೂ ಕರ್ಕಂಡು ಹೋಗ್ತೀಯೇನವ್ವ?"

"ಇಲ್ಲ. ನೀನು, ನಿಮ್ಮಣ್ಣ ಇಬ್ರೇ."

"ಹಂಗಾದ್ರೆ ಬರ್ತೀನಿ," ಎಂದಳು ದಿವ್ಯಾ.